ಐದರಿಂದ ಹತ್ತು ವರ್ಷದ ಮಕ್ಕಳಿಗೆ ಫುಟ್ಬಾಲ್ ಆಡ್ಸೋದು ಹೆಂಗೆ: ಮಲೆನಾಡಿನ ಅಪ್ಪ ಅಮ್ಮಂದಿರಿಗೆ

ಏಪ್ರಿಲ್ ಬಂತು ಅಂದ್ರೆ ಶಿವಮೊಗ್ಗದಲ್ಲಿ ಪೇಪರ್ ಮಧ್ಯದಿಂದ ಸಮ್ಮರ್ ಕ್ಯಾಂಪ್ ಪಾಂಪ್ಲೆಟ್ ಉದುರಕ್ಕೆ ಶುರು. ಹೆಚ್ಚಿನವು ಕ್ರಿಕೆಟ್ಟಿಂದು, ಅದೂ ಸರಿನೇ ಬಿಡಿ, ಜಿ.ಆರ್. ವಿಶ್ವನಾಥ್ ಹುಟ್ಟಿದ ಭದ್ರಾವತಿ ಇಲ್ಲೇ ಪಕ್ಕದಲ್ಲಿರೋವಾಗ ನಮ್ಮ ಕಡೆಯವ್ರಿಗೆ ಬ್ಯಾಟೇ ಮೊದ್ಲು ಕಣ್ಣಿಗೆ ಬೀಳೋದು. ಆದ್ರೆ ಐದಾರು ವರ್ಷದ ಮಗುನ ಕ್ರಿಕೆಟ್ಟಿಗೆ ಹಾಕಿದ್ರೆ ಅದು ಹೆಚ್ಚು ಹೊತ್ತು ಮಾಡೋದು ತನ್ನ ಸರದಿ ಕಾಯೋ ಕೆಲ್ಸ, ಬೌಂಡ್ರಿ ಹತ್ರ ನಿಂತು ಮಣ್ಣು ಕೆರಿಯೋ ಕೆಲ್ಸ. ಓಡ್ಬೇಕು, ಬೆವರ್ಬೇಕು, ಸುಸ್ತಾಗಿ ಬಂದು ಕೇಳ್ದೇ ಊಟ ಮಾಡಿ ಮಲಗ್ಬೇಕು ಅಂತಿದ್ರೆ ಫುಟ್ಬಾಲೇ ವಾಸಿ. ನಮ್ಮನೇಲಿ ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ಆರು, ಇಬ್ರೂ ಆಡ್ತಾರೆ, ಇಬ್ರಲ್ಲಿ ಯಾರೂ ಸುನಿಲ್ ಛೆಟ್ರಿ ಆಗಲ್ಲ ಅಂತ ನಂಗೂ ಗೊತ್ತು ನಮ್ಮನೆಯವ್ರಿಗೂ ಗೊತ್ತು, ಅದಕ್ಕೇ ನಮಗೆ ತಲೆಬಿಸಿ ಕಮ್ಮಿ. ಹಂಗೆ ಸುಮ್ನೆ ಖುಷಿಗೆ ಆಡ್ಸೋರಿಗೆ ಇದು.

ಎಲ್ಲಕ್ಕೂ ಒಂದೇ ಅಳತೆ ಇಟ್ಕೊಳಿ. ಆ ಒಂದು ಗಂಟೇಲಿ ನಿಮ್ಮ ಮಗುವಿನ ಕಾಲಿಗೆ ಬಾಲ್ ಎಷ್ಟು ಸಲ ಸಿಕ್ತು? ಗೋಲು ಹೊಡ್ದಿದ್ದು ಗೆದ್ದಿದ್ದು ಸೋತಿದ್ದು ಎಲ್ಲ ಆಮೇಲೆ. ಬಾಲ್ ಯಾವ ಸೈಜು, ಶೂ ಯಾವ್ದು, ಗ್ರೌಂಡ್ ಎಷ್ಟುದ್ದ, ಯಾವ ಸರ್ ಹತ್ರ ಬಿಡ್ಬೇಕು, ಇವೆಲ್ಲದಕ್ಕೂ ಉತ್ತರ ಈ ಅಳತೇಲೇ ಸಿಗತ್ತೆ.

ಬಾಲ್ ವಿಷ್ಯ

ಅಂಗಡಿಗೆ ಹೋಗಿ ಫುಟ್ಬಾಲ್ ಕೊಡಿ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಐದನೇ ಸೈಜ್ ಎತ್ತಿ ಕೊಡ್ತಾರೆ. ಅದು ದೊಡ್ಡವ್ರ ಬಾಲ್, ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಮ್. ಆರು ವರ್ಷದ ಮಗು ಅದನ್ನ ಒದ್ರೆ ಬಾಲ್ ಹೋಗೋದು ಎರಡು ಮಾರು, ನೋವಾಗೋದು ಹೆಬ್ಬೆರಳಿಗೆ. ಎಂಟು ವರ್ಷದ ಒಳಗಿನವ್ರಿಗೆ ಮೂರನೇ ಸೈಜ್ ತಗೊಳಿ, ಎಂಟರಿಂದ ಹನ್ನೆರಡರ ತನಕ ನಾಲ್ಕು, ಆಮೇಲೆ ಐದು. ನಂಬರ್ ಬಾಲ್ ಮೇಲೇ ಪ್ರಿಂಟ್ ಆಗಿರತ್ತೆ, ಗಾಳಿ ತುಂಬೋ ತೂತಿನ ಆಸುಪಾಸಲ್ಲಿ ಹುಡುಕಿ. "ಬೆಳೀತಾನೆ ಬಿಡಿ ಮೇಡಂ, ದೊಡ್ಡದೇ ತಗೊಳಿ" ಅಂತ ಅಂಗಡಿಯವ್ರು ಹೇಳೇ ಹೇಳ್ತಾರೆ. ಬೆಳೀತಾನೆ ನಿಜ, ಬೆಳೆದ್ಮೇಲೆ ತಗೊಳಣ.

ಒಳ್ಳೇ ಹುಲ್ಲಿನ ಗ್ರೌಂಡ್ ನಮ್ಮಲ್ಲಿ ಎಷ್ಟಿದೆ ಹೇಳಿ, ಹೆಚ್ಚಿನ ಕಡೆ ಕೆಂಪು ಮಣ್ಣು ಇಲ್ಲ ಜಂಬಿಟ್ಟಿಗೆ ಕಲ್ಲಿನ ಪುಡಿ. ಅಂಥ ಕಡೆ ಹೊಳೆಯೋ ಹೊಲಿಗೆ ಬಾಲ್ ಒಂದೇ ಬೇಸಿಗೇಲಿ ಸಿಪ್ಪೆ ಏಳತ್ತೆ. ಒರಟು ಮೈಯಿಂದು ರಬ್ಬರ್ ಬಾಲ್ ಬರತ್ತೆ, ನೋಡಕ್ಕೆ ಚಂದ ಇಲ್ಲ ಆದ್ರೆ ಬಾಳಿಕೆ ಬರತ್ತೆ, ಮಳೇಲಿ ನೀರೂ ಕುಡಿಯಲ್ಲ. ಜಾತ್ರೇಲಿ ಸಿಗೋ ತೆಳು ಪ್ಲಾಸ್ಟಿಕ್ ಬಾಲ್ ಬೇಡ, ಗಾಳಿ ಬಂದ ಕಡೆ ಹೋಗತ್ತೆ. ಗಾಳಿ ತುಂಬೋವಾಗ ಪಂಪಿನ ಸೂಜಿನ ನೀರಲ್ಲಿ ಒದ್ದೆ ಮಾಡಿ ಹಾಕಿ, ಒಣ ಸೂಜಿ ಚುಚ್ಚಿದ್ರೆ ಒಳಗಿನ ವಾಲ್ವ್ ಹರಿಯತ್ತೆ, ಆಮೇಲೆ ಆ ಬಾಲ್ ರಾತ್ರಿ ತುಂಬಿದ್ರೆ ಬೆಳಿಗ್ಗೆಗೆ ಸಪ್ಪೆ. ಸಣ್ಣ ಮಕ್ಕಳಿಗೆ ಕಲ್ಲಿನಂಗೆ ಗಟ್ಟಿ ತುಂಬೋದು ಬೇಡ, ಹೆಬ್ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಒಳಗೆ ಹೋಗ್ಬೇಕು, ಹಂಗಿದ್ರೆ ಕಾಲಲ್ಲಿ ನಿಲ್ಲತ್ತೆ.

ಮುಖ್ಯವಾದ್ದು ಇನ್ನೊಂದು, ಹತ್ತು ಮಕ್ಕಳು ಸೇರ್ತಾರೆ ಅಂದ್ರೆ ಹತ್ತು ಬಾಲ್ ಇರ್ಬೇಕು. ಒಬ್ರೇ ತರೋದು ಬೇಡ, ಪ್ರತಿ ಮನೆಯವ್ರೂ ಒಂದೊಂದು ತರ್ಲಿ, ಮಾರ್ಕರ್ ಪೆನ್ನಲ್ಲಿ ಹೆಸ್ರು ಬರ್ದು ತರ್ಲಿ, ಇಲ್ದಿದ್ರೆ ಕೊನೇಲಿ "ಅದು ನಂದು" ಜಗಳ ಗ್ಯಾರಂಟಿ.

ಶೂ, ಶಿನ್ ಗಾರ್ಡು, ಕಿವಿ ಓಲೆ

ಅಡಿಯಲ್ಲಿ ಮುಳ್ಳಿನಂಗೆ ಉದ್ದ ಸ್ಟಡ್ ಇರೋ ಶೂ ನೋಡಿ ಮಕ್ಕಳು ಅಂಗಡೀಲೇ ಕುಣೀತಾರೆ, ಕೊಡ್ಸಬೇಡಿ. ಅವು ಮೆತ್ತನೆ ಹುಲ್ಲಿಗೆ ಮಾಡಿದ್ದು, ನಮ್ಮ ಗಟ್ಟಿ ನೆಲದಲ್ಲಿ ಸ್ಟಡ್ ಒಳಗೆ ಇಳಿಯಲ್ಲ, ಮಗು ಕಡ್ಡಿ ಮೇಲೆ ನಿಂತಂಗಾಗಿ ಪಾದ ಉಳುಕತ್ತೆ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಳ್ಳೆ ತುಂಬಾ ಇರೋದು ಬರತ್ತೆ, ಟರ್ಫ್ ಶೂ ಅಂತ ಕೇಳಿ. ಅದೂ ಖರ್ಚು ಅನ್ಸಿದ್ರೆ ಸ್ಕೂಲ್ ಪಿ.ಟಿ. ಕ್ಯಾನ್ವಾಸ್ ಶೂ ಸಾಕು, ಮೊದಲನೇ ವರ್ಷ ಧಾರಾಳ ಆಗತ್ತೆ. ಎರಡು ಸೈಜ್ ದೊಡ್ಡದು ತಗೊಂಡು ಮುಂದಕ್ಕೆ ಹತ್ತಿ ತುರುಕೋ ಐಡಿಯಾ ಮಾಡ್ಬೇಡಿ, ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನಷ್ಟು ಅಗಲ ಜಾಗ ಇದ್ರೆ ಸಾಕು. ಉಗುರು ಹಿಂದಿನ ದಿನವೇ ಕತ್ತರಿಸಿ.

ಶಿನ್ ಗಾರ್ಡ್ ಮಾತ್ರ ಬಿಡ್ಬೇಡಿ. ಫುಟ್ಬಾಲಿನ ನಾಲ್ಕನೇ ನಿಯಮದಲ್ಲೇ ಅದು ಕಡ್ಡಾಯ ಅಂತಿದೆ, ಮೊಣಕಾಲ ಕೆಳಗಿನ ಎಲುಬಿಗೆ ಬೀಳೋ ಏಟು ಎಂಥದು ಅಂತ ತಿಂದೋರಿಗೇ ಗೊತ್ತು. ಮೊದ್ಲು ಗಾರ್ಡ್, ಅದರ ಮೇಲೆ ಸಾಕ್ಸ್. ಅದೇ ನಿಯಮದಲ್ಲಿ ಒಡವೆ ಹಾಕ್ಕೊಂಡು ಆಡೋ ಹಂಗಿಲ್ಲ ಅಂತಾನೂ ಇದೆ, ಮೇಲೆ ಟೇಪ್ ಸುತ್ತಿದ್ರೂ ಆಗಲ್ಲ. ಇದು ನಮ್ಮನೇಲಿ ದೊಡ್ಡ ರಾಮಾಯಣ ಆಯ್ತು, ಯಾಕಂದ್ರೆ ಮಗಳ ಓಲೆ ಬಿಚ್ಚಿದ್ರೆ ನಮ್ಮತ್ತೆಗೆ ತಡಿಯಲ್ಲ, ತೂತು ಮುಚ್ಚಿ ಹೋಗತ್ತೆ ಮಾರಾಯ್ತಿ ಅಂತ. ಈಗ ಒಂದು ಒಪ್ಪಂದ ಆಗಿದೆ, ಗ್ರೌಂಡಿಗೆ ಹೊರಡೋವಾಗ ಓಲೆ ಅತ್ತೆ ಕೈಗೆ, ಅವ್ರು ಅದನ್ನ ಕುಂಕುಮದ ಭರಣಿ ಮುಚ್ಚಳದಲ್ಲಿ ಇಟ್ಕೊಂಡು ಕಾಯ್ತಿರ್ತಾರೆ, ವಾಪಸ್ ಬಂದು ಸ್ನಾನ ಆದ ತಕ್ಷಣ ಹಾಕೋದು. ಹಳೇ ತೂತು ಎರಡು ಗಂಟೇಲಿ ಮುಚ್ಚಲ್ಲ. ಹೊಸದಾಗಿ ಚುಚ್ಚಿಸಿದ್ರೆ ಮಾತ್ರ ಗಾಯ ಮಾಗೋ ತನಕ ಮಗುನ ಆಟಕ್ಕೆ ಬಿಡ್ಬೇಡಿ. ಕಾಲ್ಗೆಜ್ಜೆ, ಬಳೆ, ಕೈಗೆ ಕಟ್ಟಿರೋ ಗಟ್ಟಿ ಕಡಗ, ಎಲ್ಲದಕ್ಕೂ ಇದೇ.

ಜಾಗ

ಪೇಟೇಲಿ ಇರೋರಿಗೆ ಸ್ಕೂಲ್ ಗ್ರೌಂಡು, ನೆಹರು ಸ್ಟೇಡಿಯಂ ಕಡೆ, ಇಲ್ಲ ಲೇಔಟಲ್ಲಿ ಇನ್ನೂ ಮನೆ ಕಟ್ಟದೇ ಬಿಟ್ಟಿರೋ ಸೈಟು. ಹಳ್ಳೀಲಿ ಕೊಯ್ಲಾದ ಗದ್ದೆ ಇರತ್ತೆ, ಆದ್ರೆ ಕೂಳೆ ಮೊನೆ ಮಕ್ಕಳ ಕೈಗೆ ಚುಚ್ಚತ್ತೆ, ಬಿರುಕಿಗೆ ಕಾಲು ಸಿಗತ್ತೆ, ದನ ಮೇದು ತುಳಿದು ಮಟ್ಟಸ ಆದ್ಮೇಲೆ ಆಡ್ಸಿ. ಅಡಿಕೆ ಒಣಗಿಸೋ ಅಂಗಳದಷ್ಟು ಸಪಾಟು ಜಾಗ ಇನ್ನೊಂದಿಲ್ಲ, ಅಡಿಕೆ ಹರವಿರೋ ಟೈಮಲ್ಲಿ ಆ ಕಡೆ ತಲೆ ಹಾಕ್ಬೇಡಿ ಅಷ್ಟೇ, ರೇಟ್ ನೋಡಿದ್ರೆ ಒಂದೊಂದು ಅಡಿಕೆಗೂ ಮಾವನ ಹತ್ರ ಲೆಕ್ಕ ಕೊಡ್ಬೇಕಾಗತ್ತೆ. ಎಲ್ಲಾದ್ರೂ ಸರಿ, ಶುರು ಮಾಡೋ ಮೊದ್ಲು ದೊಡ್ಡವ್ರು ನಾಲ್ಕು ಜನ ಸಾಲಾಗಿ ಆಚೆಯಿಂದ ಈಚೆಗೆ ಒಂದ್ಸಲ ನಡೀರಿ. ಬಾಟ್ಲಿ ಚೂರು, ಚೂಪು ಕಲ್ಲು, ತಂತಿ, ನಾಯಿದು, ಎಲ್ಲ ಸಿಗತ್ತೆ.

ಪೂರ್ತಿ ಗ್ರೌಂಡ್ ಸಿಕ್ತು ಅಂತ ಪೂರ್ತಿ ಬಳಸ್ಬೇಡಿ. ದೊಡ್ಡ ಮ್ಯಾಚಿನ ಗ್ರೌಂಡ್ ನೂರು ಮೀಟರ್ ಉದ್ದ, ಅದ್ರಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಒಂದೇ ಬಾಲ್ ಕೊಟ್ರೆ ಜೋರಿರೋ ಮೂರು ಜನ ಆಡ್ತಾರೆ, ಉಳಿದೋರು ಜಾಗಿಂಗ್ ಮಾಡ್ತಾರೆ. ಅಮೆರಿಕದಲ್ಲಿ ಎಂಟರ ಒಳಗಿನವ್ರಿಗೆ ಒಂದು ಕಡೆ ನಾಲ್ಕೇ ಜನ, ಗೋಲ್‌ಕೀಪರ್ ಇಲ್ಲ, ಆಫ್‌ಸೈಡ್ ಅನ್ನೋ ರೂಲ್ಸೂ ಇಲ್ಲ, ಗ್ರೌಂಡ್ ಉದ್ದ ಹೆಚ್ಚಂದ್ರೆ 35 ಗಜ, ಅಗಲ 25 ಗಜ. ಅದನ್ನೇ ನಾವೂ ಮಾಡೋದು, ದೊಡ್ಡವ್ರ ಹೆಜ್ಜೇಲಿ ಉದ್ದ ಮೂವತ್ತು, ಅಗಲ ಇಪ್ಪತ್ತು. ಗೋಲಿಗೆ ಎರಡು ಕಡೆ ಚಪ್ಪಲಿ. ಗುರುತಿಗೆ ಕೋನ್ ಕೊಂಡ್ಕೊಳ್ಳೋ ಬದ್ಲು ಹಳೇ ಅಡಿಕೆ ಹಾಳೆ ಟೋಪಿ ಇದ್ರೆ ಬೋರಲು ಹಾಕಿ, ತುಳಿದ್ರೂ ಮುರಿಯಲ್ಲ ಮಗುಗೂ ಪೆಟ್ಟಾಗಲ್ಲ. ಬಿಡಿ ಹಾಳೆ ತುಂಡು ಇಡ್ಬೇಡಿ, ಅದ್ರ ಮೇಲೆ ಕಾಲಿಟ್ರೆ ಸೊಯ್ ಅಂತ ಜಾರತ್ತೆ. ಹದಿನಾರು ಮಕ್ಕಳು ಬಂದ್ರೆ ಎರಡು ಸಣ್ಣ ಗ್ರೌಂಡ್ ಮಾಡಿ, ಎರಡು ಮ್ಯಾಚ್ ಒಟ್ಟಿಗೆ ನಡೀಲಿ.

ಆಡ್ಸೋದು

ಮುಕ್ಕಾಲು ಗಂಟೆ ಸಾಕು, ಒಂಬತ್ತು ಹತ್ತರವ್ರಿಗೆ ಒಂದು ಗಂಟೆ. ಮೊದ್ಲು ಗ್ರೌಂಡಿಗೆ ಎರಡು ರೌಂಡ್ ಓಡ್ಸೋದು, ಸಾಲಲ್ಲಿ ನಿಲ್ಸಿ ಒಬ್ಬೊಬ್ರೇ ಬಂದು ಒದಿಯೋದು, ಇದೆಲ್ಲ ನೋಡಕ್ಕೆ ಶಿಸ್ತಾಗಿ ಕಾಣತ್ತೆ, ಫೋಟೋನೂ ಚೆನ್ನಾಗಿ ಬರತ್ತೆ, ಆದ್ರೆ ಸಾಲಲ್ಲಿ ಹತ್ತನೇ ಮಗು ಆಗ ಎಂತ ಮಾಡ್ತಿದೆ ಅಂತ ನೋಡಿ, ಮುಂದಿನೋನ ಶರ್ಟ್ ಎಳೀತಿರತ್ತೆ. ಬಾಲ್ ಕಾಲಿಗೆ ಸಿಗದೇ ಇರೋ ಯಾವ ಎಕ್ಸರ್ಸೈಜೂ ಈ ವಯಸ್ಸಿಗೆ ಬೇಡ.

ಅದರ ಬದ್ಲು ಕೆರೆ-ದಡ ಆಡ್ಸಿ. ಒಂದು ಗೆರೆ ಎಳೀರಿ, ಎಲ್ರ ಕಾಲ ಹತ್ರನೂ ಒಂದೊಂದು ಬಾಲ್. ಕೆರೆ ಅಂದ್ರೆ ಬಾಲ್ ಗೆರೆ ದಾಟ್ಸಿ ಅಂಗಾಲಲ್ಲಿ ಒತ್ತಿ ನಿಲ್ಲಿಸ್ಬೇಕು, ದಡ ಅಂದ್ರೆ ಅಂಗಾಲಲ್ಲೇ ಎಳ್ಕೊಂಡು ವಾಪಸ್ ಬರ್ಬೇಕು. ದಡ ದಡ ಕೆರೆ ಅಂತ ಗಡಿಬಿಡಿ ಮಾಡಿ, ನಕ್ಕೂ ನಕ್ಕೂ ಬೀಳ್ತಾರೆ, ಅವ್ರಿಗೆ ಗೊತ್ತಿಲ್ದೇನೇ ಬಾಲ್ ನಿಲ್ಸೋದು ತಿರುಗ್ಸೋದು ಬಂದ್ಬಿಡತ್ತೆ. ನಾವು ಚಿಕ್ಕವ್ರಿದ್ದಾಗ ತಪ್ಪು ಮಾಡಿದೋರು ಔಟ್, ಇಲ್ಲಿ ಔಟ್ ಅನ್ನೋದೇ ಬೇಡ, ಔಟ್ ಆಗೋದು ಯಾವಾಗ್ಲೂ ಬಾಲ್ ಜಾಸ್ತಿ ಬೇಕಾಗಿರೋ ಮಗುನೇ.

ಇನ್ನೊಂದು ಹುಲಿ-ಕುರಿ. ಚೌಕದೊಳಗೆ ಎಲ್ರೂ ತಮ್ಮ ತಮ್ಮ ಕುರಿ, ಅಂದ್ರೆ ಬಾಲ್, ಕಾಲಲ್ಲೇ ಮೇಯಿಸ್ತಾ ಓಡಾಡೋದು, ಹುಲಿಗೆ ಬಾಲ್ ಇಲ್ಲ, ಅದು ಬಂದು ಬೇರೆಯವ್ರ ಕುರಿನ ಚೌಕದ ಹೊರಗೆ ಒದಿಯತ್ತೆ. ಕುರಿ ಕಳ್ಕೊಂಡೋರು ಓಡಿ ಹೋಗಿ ತಗೊಂಡು ಬಂದು ಮತ್ತೆ ಒಳಗೆ. ತಲೆ ಎತ್ತಿ ಹುಲಿ ಎಲ್ಲಿದೆ ಅಂತ ನೋಡ್ತಾ ಬಾಲ್ ಇಟ್ಕೊಳ್ಳೋದು ಇದ್ರಲ್ಲೇ ಕಲೀತಾರೆ, ನೀವು ತಲೆ ಎತ್ತು ತಲೆ ಎತ್ತು ಅಂತ ಕೂಗಿದ್ರೆ ಕಲಿಯಲ್ಲ. ನಮ್ಮ ಚಿಕ್ಕೋನು ಹುಲಿ ಆದಾಗ ಗರ್ಜನೆ ಮಾಡೋದ್ರಲ್ಲೇ ಅರ್ಧ ಟೈಮ್ ಕಳೀತಾನೆ, ಅದಕ್ಕೂ ಜಾಗ ಇರ್ಲಿ.

ಕೊನೇ ಅರ್ಧ ಹೊತ್ತು ಮ್ಯಾಚ್. ಒಂದು ಕಡೆ ನಾಲ್ಕು ಜನ, ಹತ್ತತ್ತು ನಿಮಿಷಕ್ಕೆ ನೀರಿಗೆ ಬಿಡೋದು. ಬಾಲ್ ಹೊರಗೆ ಹೋದ್ರೆ ಕೈಯಲ್ಲಿ ಎಸೆಯೋದು ಬೇಡ, ಗೆರೆ ಮೇಲಿಟ್ಟು ಒದ್ರೆ ಆಯ್ತು. ಎಂಟೂ ಮಕ್ಕಳು ಜೇನು ಎದ್ದಂಗೆ ಬಾಲ್ ಹಿಂದೇನೇ ಮುತ್ತಿಕೊಳ್ತಾರೆ, ಮುತ್ಲಿ ಬಿಡಿ, "ನೀನು ಡಿಫೆಂಡರು, ಇಲ್ಲೇ ನಿಲ್ಲು" ಅಂತ ಆರು ವರ್ಷದ ಮಗುನ ಗೂಟಕ್ಕೆ ಕಟ್ಟಿದ್ರೆ ಅದು ಏರೋಪ್ಲೇನ್ ಚಿಟ್ಟೆ ಹಿಡಿಯಕ್ಕೆ ಹೋಗತ್ತೆ, ಅದ್ರ ತಪ್ಪೇನಿಲ್ಲ. ಎಂಟು ಒಂಬತ್ತಕ್ಕೆ ತಾವಾಗೇ ಚದುರಕ್ಕೆ ಶುರು ಮಾಡ್ತಾರೆ. ಒಬ್ಬನೇ ಎಲ್ಲ ಗೋಲು ಹೊಡೀತಿದ್ರೆ ಅವನ ಟೀಮಿಂದ ಒಬ್ರನ್ನ ಕಮ್ಮಿ ಮಾಡಿ ಆ ಕಡೆಗೆ ಸೇರ್ಸಿ, ತಾನೇ ಸಮ ಆಗತ್ತೆ.

ಬಾಲನ್ನ ತಲೇಲಿ ಹೊಡೆಯೋದು, ಅಂದ್ರೆ ಹೆಡ್ಡಿಂಗ್, ಬೇಡವೇ ಬೇಡ. ಅಮೆರಿಕದ ಫುಟ್ಬಾಲ್ ಫೆಡರೇಶನ್ 2015ರಲ್ಲೇ ಹತ್ತು ವರ್ಷದವ್ರ ತನಕ ಹೆಡ್ಡಿಂಗ್ ನಿಲ್ಸೋಕೆ ಹೇಳ್ತು, ಇಂಗ್ಲೆಂಡಲ್ಲೂ 2020ರಿಂದ ಪ್ರೈಮರಿ ಮಕ್ಕಳ ಪ್ರಾಕ್ಟೀಸಲ್ಲಿ ಇಲ್ಲ. ಟೀವೀಲಿ ನೋಡಿ ಮಕ್ಕಳು ಮಾಡಕ್ಕೆ ಹೋಗ್ತಾರೆ, ಈಗಲ್ಲ ಅಂತ ಹೇಳಿ ಅಷ್ಟೇ.

ಹುಡ್ಗೀರು ಬೇರೆ ಹುಡುಗ್ರು ಬೇರೆ ಅಂತ ಮಾಡ್ಬೇಡಿ. ನಮ್ಮ ದೇಶದ ಫುಟ್ಬಾಲ್ ಫೆಡರೇಶನ್ ಎಐಎಫ್ಎಫ್ 2018ರಲ್ಲಿ ಸಣ್ಣ ಮಕ್ಕಳಿಗೆ ಅಂತ ಶುರು ಮಾಡಿದ ಗೋಲ್ಡನ್ ಬೇಬಿ ಲೀಗ್ಸಲ್ಲೂ ಇಬ್ರಿಗೂ ಒಟ್ಟಿಗೇ ಆಟ ಇತ್ತು. ಆದ್ರೆ ಒಬ್ಳೇ ಹುಡ್ಗಿ ಇದ್ರೆ ಎರಡನೇ ವಾರಕ್ಕೆ ಬರಲ್ಲ ಅಂತಾಳೆ, ಅಕ್ಕಪಕ್ಕದ ಮನೆಯ ಇನ್ನಿಬ್ರನ್ನ ಹೆಂಗಾದ್ರೂ ಮಾಡಿ ಎಳ್ಕೊಂಡು ಬನ್ನಿ.

ಕ್ಯಾಂಪಿಗೆ ಸೇರ್ಸೋದಾದ್ರೆ ಫೀಸ್ ಕೇಳೋ ಮೊದ್ಲು ಒಂದು ದಿನ ಹೋಗಿ ದೂರ ನಿಂತು ನೋಡಿ. ಬಾಲ್ ಎಷ್ಟಿದೆ, ಮಕ್ಕಳು ಎಷ್ಟಿದ್ದಾರೆ, ನಿಂತೋರು ಜಾಸ್ತಿನೋ ಓಡೋರು ಜಾಸ್ತಿನೋ. ಸರ್ ಮಕ್ಕಳ ಹೆಸ್ರು ಹಿಡ್ದು ಕರೀತಾರಾ ಇಲ್ಲ "ಲೇ" ಅಂತಾರಾ, ಕೈ ಎತ್ತೋ ಅಭ್ಯಾಸ ಇದ್ಯಾ. ನಾವು ಒಂದು ಕಡೆ ನೋಡಕ್ಕೆ ಹೋದಾಗ ಹೆಣ್ಮಕ್ಕಳಿಗೆ ಟಾಯ್ಲೆಟ್ ಎಲ್ಲಿ ಅಂತ ಕೇಳಿದ್ದಕ್ಕೆ ಪಾಪ ಅವ್ರು ಸುತ್ತ ಮುತ್ತ ನೋಡಿ "ಮನೆಯಿಂದಾನೇ ಮಾಡ್ಸ್ಕೊಂಡು ಬನ್ನಿ ಮೇಡಂ" ಅಂದ್ರು. ಅಲ್ಲಿಂದ ಸೀದಾ ವಾಪಸ್.

ಮಳೆ, ಗುಡುಗು, ಉಣುಗು

ಇದನ್ನ ಬೇರೆ ಊರಿನವ್ರು ಬರ್ದಿದ್ದು ಓದಿದ್ರೆ ಸಿಗಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ನಾಲ್ಕಾದ್ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲು, ಮಕ್ಕಳು ಆಡೋದೂ ಅದೇ ಟೈಮಿಗೆ. ಗುಡುಗು ಕಿವಿಗೆ ಬಿತ್ತಾ, ಆಟ ಬಂದ್. ಮಳೆ ಇನ್ನೂ ಬಂದಿಲ್ವಲ್ಲ ಅನ್ನೋ ಮಾತೇ ಬೇಡ, ಕಟ್ಟಡದೊಳಗೆ ಇಲ್ಲ ಕಾರೊಳಗೆ, ಮರದ ಅಡಿ ಅಲ್ಲ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆದ್ಮೇಲೆ ಮತ್ತೆ ಗ್ರೌಂಡಿಗೆ.

ಜೂನ್‌ನಿಂದ ಸೆಪ್ಟೆಂಬರ್ ಶಿವಮೊಗ್ಗದಲ್ಲಿ ಹೆಂಗೋ ಮಧ್ಯೆ ಮಧ್ಯೆ ಬಿಡುವು ಸಿಗತ್ತೆ, ತೀರ್ಥಹಳ್ಳಿ ಹೊಸನಗರ ಆಗುಂಬೆ ಕಡೆಯವ್ರು ಜಗುಲಿ ಮೇಲೇ ಆಡ್ಸಬೇಕು. ಹಳೇ ಸಾಕ್ಸಲ್ಲಿ ಬಟ್ಟೆ ತುರುಕಿ ಉಂಡೆ ಕಟ್ಟಿ, ಅದು ಪುಟಿಯಲ್ಲ, ದೀಪ ಒಡೆಯಲ್ಲ, ಸಣ್ಣ ಜಾಗದಲ್ಲಿ ಕಾಲಿನ ಕೆಲ್ಸ ಚೆನ್ನಾಗಿ ಕಲಿಸತ್ತೆ. ಒದ್ದೆ ಶೂನ ಬಚ್ಚಲ ಒಲೆ ಹತ್ರ ಒಣಗಕ್ಕಿಡೋದು ನಮ್ಮ ಹಳ್ಳಿ ಮನೆಗಳಲ್ಲಿ ಇದ್ದಿದ್ದೇ, ಆದ್ರೆ ಒಲೆ ಬಾಯಿಗೆ ಇಟ್ರೆ ಅಂಟು ಬಿಟ್ಟು ಅಡಿ ಕಿತ್ಕೊಂಡು ಬರತ್ತೆ. ಒಳಗೆ ನ್ಯೂಸ್‌ಪೇಪರ್ ಉಂಡೆ ತುರುಕಿ, ರಾತ್ರಿ ಒಂದ್ಸಲ ಪೇಪರ್ ಬದಲಾಯ್ಸಿ, ಒಲೆಯಿಂದ ದೂರ ಮೊಳೆಗೆ ನೇತುಹಾಕಿ. ಹುಲ್ಲಿನ ಅಂಚಿಗೆ ಬಾಲ್ ಹೋಗಿ ತರಕ್ಕೆ ಹೋದ್ರೆ ಉಂಬಳ ಹತ್ತತ್ತೆ, ಉಪ್ಪಿನ ಪೊಟ್ಟಣ ಬ್ಯಾಗಲ್ಲಿರ್ಲಿ, ಮಕ್ಕಳ ಮುಂದೆ ನೀವು ಕಿರುಚ್ಬೇಡಿ.

ಉಂಬಳಕ್ಕಿಂತ ಹೆದರ್ಬೇಕಾದ್ದು ಉಣುಗಿಗೆ. ಅದು ಕಚ್ಚಿದ್ರೆ ಬರೋ ಮಂಗನ ಕಾಯಿಲೆ ಮೊದ್ಲು ಕಂಡಿದ್ದು 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರಲ್ಲೇ, ಈಗ್ಲೂ ಚಳಿಗಾಲ ಶುರುವಾದ್ರೆ ಮಳೆ ಬರೋ ತನಕ ಅದ್ರ ಕಾಲ. ಕಾಡಂಚಿನ ಗದ್ದೆ, ಬ್ಯಾಣ, ಸ್ಕೂಲ್ ಗ್ರೌಂಡಲ್ಲಿ ಆಡ್ಸೋರು ಡಿಸೆಂಬರ್‌ನಿಂದ ಮೇ ತನಕ ಹುಷಾರು. ಉದ್ದ ಪ್ಯಾಂಟು, ಸಾಕ್ಸ್ ಮೇಲಕ್ಕೆ, ಬಾಲ್ ಕಾಡೊಳಗೆ ಹೋದ್ರೆ ತರೋದು ದೊಡ್ಡವ್ರು, ಒಣ ತರಗೆಲೆ ಮೇಲೆ ಕೂರೋದು ಬೇಡ. ಮನೆಗೆ ಬಂದ ಕೂಡ್ಲೇ ಬಟ್ಟೆ ಬಿಸಿನೀರಿಗೆ, ಮಗು ಬಚ್ಚಲಿಗೆ, ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ, ಸೊಂಟದ ಪಟ್ಟಿ ಜಾಗ ಬೆಳಕಲ್ಲಿ ನೋಡಿ. ಹಚ್ಕೊಳ್ಳೋ ಎಣ್ಣೆ ಬಗ್ಗೆ ಆಶಾ ಕಾರ್ಯಕರ್ತೆ ಹತ್ರ ಕೇಳಿ, ಮಕ್ಕಳಿಗೆ ಹೆಂಗೆ ಹಚ್ಬೇಕು ಅಂತಾನೂ ಕೇಳ್ಕೊಳಿ. ಹತ್ರದಲ್ಲಿ ಮಂಗ ಸತ್ತಿದೆ ಅಂತ ಸುದ್ದಿ ಬಂದ್ರೆ ಆರೋಗ್ಯ ಕೇಂದ್ರಕ್ಕೆ ತಿಳ್ಸಿ, ಆ ಜಾಗದಲ್ಲಿ ಆಟ ಬಂದ್ ಮಾಡಿ. ಜೋರು ಜ್ವರ ತಲೆನೋವು ಬಂದ್ರೆ ಆಡೋ ಜಾಗ ಎಲ್ಲಿ ಅಂತ ಡಾಕ್ಟ್ರಿಗೆ ಮೊದಲೇ ಹೇಳಿ.

ಪೆಟ್ಟಾದ್ರೆ: ಕಾಲು ಉಳುಕಿದ್ರೆ ಅದೇ ದಿನ ಎಣ್ಣೆ ಹಾಕಿ ತಿಕ್ಕಕ್ಕೆ ಯಾರಾದ್ರೂ ಒಬ್ರು ಬಂದೇ ಬರ್ತಾರೆ, ಬಿಡ್ಬೇಡಿ. ಐಸ್ ಬಟ್ಟೇಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ಕಾಲು ಎತ್ತರಕ್ಕೆ. ನೆಲಕ್ಕೆ ಕಾಲೂರಕ್ಕೇ ಆಗ್ತಿಲ್ಲ ಅಂದ್ರೆ ಎಕ್ಸ್‌ರೇ. ತಲೆಗೆ ಜೋರು ಏಟು ಬಿದ್ರೆ ಆ ದಿನ ಆಟ ಮುಗೀತು, ವಾಂತಿ, ಮಂಪರು, ಅರ್ಥ ಇಲ್ದ ಮಾತು ಬಂದ್ರೆ ತಕ್ಷಣ ಆಸ್ಪತ್ರೆ.

ಗೆರೆ ಆಚೆ ನಿಂತೋರಿಗೆ

ಮಕ್ಕಳು ಸಲೀಸು, ಕಷ್ಟ ಇರೋದು ಅಪ್ಪಂದಿರ ಜೊತೆ. ಒದಿ ಒದಿ, ಪಾಸ್ ಕೊಡೋ, ಅಲ್ಲಿ ನೋಡೋ, ಎಂತ ಮಾಡ್ತಿದಿಯ ಮಾರಾಯ. ಕಾಲಲ್ಲಿ ಬಾಲ್ ಇರೋ ಮಗು ಒಂದ್ಸಲ ಅಪ್ಪನ ಮುಖ ನೋಡತ್ತೆ, ಅಷ್ಟರಲ್ಲಿ ಬಾಲ್ ಹೋಗಿರತ್ತೆ. ಕೂಗಿ ಕೂಗಿ ಮಗು ಬಾಲ್ ಬಂದ ತಕ್ಷಣ ಹೆದರಿ ಒದ್ದು ಕೈ ತೊಳ್ಕೊಳ್ಳೋದನ್ನ ಕಲಿಯತ್ತೆ. ನಮ್ಮ ಮಾವ ಮ್ಯಾಚಿಗೆ ಬರೋವಾಗ ಕವಳ ಹಾಕ್ಕೊಂಡೇ ಬರ್ತಾರೆ, ಬಾಯ್ತುಂಬ ಇರೋದ್ರಿಂದ ಪೂರ್ತಿ ಆಟ ಮುಗಿಯೋ ತನಕ "ಹ್ಞೂ" "ಹ್ಞಾ" ಬಿಟ್ರೆ ಏನೂ ಹೊರಡಲ್ಲ, ಅಲ್ಲಿ ನಿಂತಿರೋರಲ್ಲಿ ಅವ್ರಷ್ಟು ಒಳ್ಳೇ ಪ್ರೇಕ್ಷಕರು ಇನ್ನೊಬ್ರಿಲ್ಲ. ಗ್ರೌಂಡಲ್ಲಿ ಉಗಿಯೋ ಹಂಗಿಲ್ಲ ಅಂತ ಮಗಳೇ ರೂಲ್ಸ್ ಮಾಡಿದ್ದಾಳೆ. ಬೇರೆಯವ್ರು ಕಡ್ಲೆಕಾಯಿ ಪೊಟ್ಟಣ ತಗೊಳಿ. ಚಪ್ಪಾಳೆ ಎಷ್ಟು ಬೇಕಾದ್ರೂ ಹೊಡೀರಿ, ಆ ಕಡೆ ಟೀಮಿಗೂ.

ಗಾಡೀಲಿ ಮನೆಗೆ ಬರೋವಾಗ ಮ್ಯಾಚಿನ ಪೋಸ್ಟ್‌ಮಾರ್ಟಮ್ ಬೇಡ. ನಾವು ಹಸಿವಾಯ್ತಾ ಅಂತ ಮಾತ್ರ ಕೇಳ್ತೀವಿ, ಉಳಿದಿದ್ದು ಅವ್ರಾಗೇ ಹೇಳ್ತಾರೆ, ಹೇಳ್ದಿದ್ರೂ ನಡಿಯತ್ತೆ. ಆಟದ ಮಧ್ಯ ಗುಟುಕು ಗುಟುಕು ನೀರು, ಮುಗಿದ್ಮೇಲೆ ಕಿತ್ತಳೆ ತೊಳೆ, ಬಾಳೆಹಣ್ಣು, ಉಪ್ಪು ಹಾಕಿದ ತೆಳು ಮಜ್ಜಿಗೆ, ಮಂಡಕ್ಕಿ. ಬಣ್ಣದ ಸ್ಪೋರ್ಟ್ಸ್ ಡ್ರಿಂಕು ಒಂದು ಗಂಟೆ ಆಡೋ ಮಕ್ಕಳಿಗೆ ದಂಡ.

ಸೀಸನ್ ಮುಗಿದ್ಮೇಲೆ ಶೂ ಚಿಕ್ಕದಾಗಿರತ್ತೆ ಆದ್ರೆ ಸವೆದಿರಲ್ಲ, ಹಂಗಾಗಿ ಮೇ ಕೊನೇಗೆ ನಮ್ಮ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಒಂದು ಭಾನುವಾರ ಶೂ, ಗಾರ್ಡ್, ಮೂರನೇ ಸೈಜ್ ಬಾಲ್ ಎಲ್ಲ ತಂದು ಬದಲಾಯಿಸ್ಕೊಳ್ತೀವಿ. ಕೊಡೋರು ಲೇಸ್ ಬಿಚ್ಚಿ ತೊಳ್ದು ಎರಡು ಬಿಸಿಲಲ್ಲಿ ಒಣಗಿಸಿ, ಒಳಗಡೆ ಸೈಜ್ ಬರ್ದು ತನ್ನಿ, ಮಳೆ ಹಿಡಿಯೋ ಮೊದ್ಲೇ ಮುಗಿಸ್ಬೇಕು, ಆಮೇಲೆ ಒಣಗಲ್ಲ.